ಪಾದಗಳ ಮಾತು

ಆಷಾಢ ಮಾಸ ಬಂದಿತೆಂದರೆ ಸೊಲ್ಲಾಪುರ ಜಿಲ್ಲೆಯ ದಾರಿಗಳಲ್ಲಿ ತಾಳ ಮೃದಂಗಗಳ ದನಿ ಕೇಳಿಬರುತ್ತದೆ. ಸಾವಿರಾರು ವಾರಕರಿಗಳು ವಿಠ್ಠಲನ ನಾಮ ಹಾಡುತ್ತ ಪಂಢರಪುರಕ್ಕೆ ನಡೆದುಹೋಗುತ್ತಾರೆ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್ ದೂರ. ಪಾಲಕಿಯ ಜೊತೆ ಈ ದೂರವನ್ನು ನಡೆಯಲು ಹೆಚ್ಚು ಕಡಿಮೆ ಮೂರು ವಾರ ಬೇಕು. ಕನ್ನಡನಾಡಿನ ಊರುಗಳಿಂದಲೂ ದಿಂಡಿಗಳು ಹೊರಡುತ್ತವೆ.

ದಾರಿಯ ಬದಿಯಲ್ಲಿ ಅಲ್ಲಲ್ಲಿ ವೈದ್ಯರ ತಂಡಗಳು ಇರುತ್ತವೆ. ಅಲ್ಲಿ ಒಮ್ಮೆ ನಿಂತು ನೋಡಿರಿ. ಒಬ್ಬ ಅಜ್ಜನ ಹಿಮ್ಮಡಿ ಒಡೆದಿದೆ. ಒಬ್ಬ ಅಜ್ಜಿಯ ಎರಡೂ ಪಾದಗಳು ಬಾತಿವೆ. ಒಬ್ಬ ಯುವಕನ ಬೆರಳ ಸಂದಿನಲ್ಲಿ ಗುಳ್ಳೆ ಎದ್ದಿದೆ. ಇನ್ನೊಬ್ಬರ ಕಾಲು ಉಳುಕಿದೆ. ಎಲ್ಲರೂ ಹೇಳುವುದು ಒಂದೇ ಮಾತು: "ಕಾಲು ನೋಯುತ್ತಿದೆ." ಆದರೆ ವೈದ್ಯರು ಎಲ್ಲರಿಗೂ ಒಂದೇ ಔಷಧ ಕೊಡುವುದಿಲ್ಲ. ಅವರು ಮೊದಲು ಕೇಳುತ್ತಾರೆ: ನೋವು ಎಲ್ಲಿದೆ? ಯಾವಾಗ ಶುರುವಾಯಿತು? ಒಂದೇ ಕಾಲು ಬಾತಿದೆಯೋ, ಎರಡೂ ಬಾತಿವೆಯೋ?

ಮಕ್ಕಳೇ, ನಮ್ಮ ಪಾದಗಳಿಗೂ ಒಂದು ಭಾಷೆಯಿದೆ. ನೋವು ಮತ್ತು ಬಾವು ಆ ಭಾಷೆಯ ಶಬ್ದಗಳು. ಅವುಗಳ ಅರ್ಥ ತಿಳಿದರೆ ಏನು ಮಾಡಬೇಕೆಂಬುದು ತಿಳಿಯುತ್ತದೆ.

ಪಾದ ಎಂಬ ಯಂತ್ರ

ನಿಮ್ಮ ಒಂದು ಪಾದದಲ್ಲಿ ಎಷ್ಟು ಎಲುಬುಗಳಿವೆ ಗೊತ್ತೇ? 26 ಎಲುಬುಗಳು! ಎರಡೂ ಪಾದಗಳನ್ನು ಸೇರಿಸಿದರೆ 52. ದೊಡ್ಡವರ ಇಡೀ ದೇಹದಲ್ಲಿರುವ ಎಲುಬುಗಳು 206. ಎಂದರೆ, ದೇಹದ ನಾಲ್ಕನೆಯ ಒಂದು ಭಾಗದಷ್ಟು ಎಲುಬುಗಳು ಪಾದಗಳಲ್ಲಿಯೇ ಇವೆ. ಈ ಎಲುಬುಗಳನ್ನು ಗಟ್ಟಿಯಾದ ಹುರಿಗಳಂತಹ ಅಸ್ಥಿರಜ್ಜುಗಳು ಒಂದಕ್ಕೊಂದು ಬಿಗಿದಿವೆ.

ಕಾಲನ್ನು ನೀರಿನಲ್ಲಿ ಅದ್ದಿ ಒಣಗಿದ ಕಲ್ಲಿನ ಮೇಲೆ ಊರಿರಿ. ಮೂಡಿದ ಹೆಜ್ಜೆಯನ್ನು ನೋಡಿರಿ. ಹಿಮ್ಮಡಿ ಮತ್ತು ಬೆರಳುಗಳ ಗುರುತು ಪೂರ್ತಿಯಾಗಿ ಮೂಡಿದರೂ ನಡುವೆ ಒಳಬದಿಯಲ್ಲಿ ಸಾಮಾನ್ಯವಾಗಿ ಖಾಲಿ ಜಾಗ ಇರುತ್ತದೆ. ಅಲ್ಲಿ ಪಾದವು ಸೇತುವೆಯ ಕಮಾನಿನಂತೆ ಮೇಲೆದ್ದಿದೆ. ನಾವು ಓಡುವಾಗ, ಜಿಗಿಯುವಾಗ ಈ ಕಮಾನು ಸ್ವಲ್ಪ ಬಾಗಿ, ಮತ್ತೆ ಮೇಲೇಳುತ್ತದೆ. ಬಂಡಿಯ ಸ್ಪ್ರಿಂಗಿನಂತೆ ಅದು ಹೊಡೆತವನ್ನು ತಾಳಿಕೊಳ್ಳುತ್ತದೆ.

ಬಾವು ಏಕೆ ಬರುತ್ತದೆ?

ದೇಹದ ಯಾವುದೇ ಭಾಗಕ್ಕೆ ಪೆಟ್ಟಾದರೆ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹೆಚ್ಚು ರಕ್ತ ಅಲ್ಲಿಗೆ ಹರಿದು ಬರುತ್ತದೆ. ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ರಕ್ತದೊಳಗಿನ ನೀರಿನಂಶ ನಾಳದಿಂದ ಹೊರಗೆ ಜಿನುಗುತ್ತದೆ. ಆಗ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾಯುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮ್ ದೇಶದ ಸೆಲ್ಸಸ್ ಎಂಬ ಲೇಖಕನು ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದನು.

ಹೀಗೆ ನೋಡಿದರೆ ಬಾವು ದೇಹದ ದುರಸ್ತಿ ಕೆಲಸದ ಗುರುತು. "ಇಲ್ಲಿ ಕೆಲಸ ನಡೆದಿದೆ, ಭಾರ ಹಾಕಬೇಡ" ಎಂದು ನೋವು ನಮಗೆ ಹೇಳುತ್ತದೆ.

ಕಾಲು ಉಳುಕಿದಾಗ

ಖೋಖೋ ಆಡುವಾಗ ಕಾಲು ಹೊರಳುತ್ತದೆ. ಹರಗಡ ಹತ್ತಿರ ಚುಳ್ಳೆಂದು ನೋವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಾವು ಬರುತ್ತದೆ. ಇದೇ ಉಳುಕು. ಎಲುಬುಗಳನ್ನು ಬಿಗಿದಿರುವ ಅಸ್ಥಿರಜ್ಜು ಅತಿಯಾಗಿ ಎಳೆದು ಹೋಗಿದೆ ಅಥವಾ ಸ್ವಲ್ಪ ಹರಿದಿದೆ ಎಂದು ಇದರ ಅರ್ಥ.

ಆಗ ನಾಲ್ಕು ಕೆಲಸ ಮಾಡಬೇಕು.
1. ಆಟ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡಬೇಕು.
2. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ರಿಂದ 20 ನಿಮಿಷ ಇಡಬೇಕು. ಮಂಜುಗಡ್ಡೆ ಸಿಗದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೂ ಆದೀತು.
3. ಅಗಲವಾದ ಪಟ್ಟಿಯನ್ನು ಹದವಾಗಿ ಕಟ್ಟಬೇಕು. ಬೆರಳುಗಳು ಜೋಮು ಹಿಡಿದರೆ ಪಟ್ಟಿಯನ್ನು ಸಡಿಲಿಸಬೇಕು.
4. ಮಲಗಿ, ಕಾಲಿನ ಕೆಳಗೆ ದಿಂಬು ಇಟ್ಟು ಎತ್ತರದಲ್ಲಿರಿಸಬೇಕು.

ಉಳುಕಿದ ಕಾಲನ್ನು ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು, ಹಿಡಿದು ಎಳೆಯುವುದು ನಮ್ಮ ಊರುಗಳಲ್ಲಿ ರೂಢಿ. ಇದು ಸರಿಯಲ್ಲ. ಹರಿದ ರಜ್ಜು ಇನ್ನಷ್ಟು ಹರಿಯಬಹುದು. ಮೊದಲ ಎರಡು ದಿನ ಬಿಸಿ ಶಾಖವನ್ನೂ ಕೊಡಬಾರದು. ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ ಅಥವಾ ಎಲುಬನ್ನು ಮುಟ್ಟಿದರೇ ನೋವು ತಾಳಲಾಗದಿದ್ದರೆ ಎಲುಬು ಮುರಿದಿರಬಹುದು. ಆಗ ವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಬೇಕು.

ಮುಳ್ಳು ನೆಟ್ಟಾಗ

ಹೊಲದ ದಾರಿಯಲ್ಲಿ ಜಾಲಿಯ ಮುಳ್ಳು ನೆಡುವುದು ನಮಗೆ ಹೊಸದಲ್ಲ. ಮುಳ್ಳನ್ನು ಕೂಡಲೇ ತೆಗೆದು, ಗಾಯವನ್ನು ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಸಗಣಿ, ಬೂದಿ, ಸುಣ್ಣ, ತಂಬಾಕು ಯಾವುದನ್ನೂ ಹಚ್ಚಬಾರದು. ಮಣ್ಣು ಸಗಣಿಗಳಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೂ ಇದೇ ಅಪಾಯ. ಚುಚ್ಚಿದ ಗಾಯವಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಗಾಯದಲ್ಲಿ ಕೀವು ತುಂಬಿ, ಜ್ವರ ಬಂದರೆ ತಡಮಾಡಬಾರದು.

ಕತ್ತಲೆಯಲ್ಲಿ ಏನೋ ಕಚ್ಚಿ ಕಾಲು ಬೇಗ ಬಾಯತೊಡಗಿದರೆ ಅದು ಹಾವು ಇರಬಹುದು. ಆಗ ಗಾಯವನ್ನು ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಾಲನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಾವಿನ ವಿಷಕ್ಕೆ ಔಷಧ ಇರುವುದು ಅಲ್ಲಿಯೇ.

ಎರಡೂ ಕಾಲು ಬಾತಾಗ

ಪೆಟ್ಟಾಗದೆಯೂ ಕಾಲು ಬಾಯುವುದುಂಟು. ದಿನವಿಡೀ ನಿಂತು ಕೆಲಸ ಮಾಡಿದವರ, ಬಸ್ಸಿನಲ್ಲಿ ಬಹಳ ಹೊತ್ತು ಕುಳಿತವರ ಪಾದಗಳು ಸಂಜೆ ಬಾಯುತ್ತವೆ. ಏಕೆ? ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ನಾವು ಅಲುಗಾಡದಿದ್ದರೆ ಆ ಪಂಪು ನಿಲ್ಲುತ್ತದೆ, ನೀರಿನಂಶ ಪಾದಗಳಲ್ಲಿ ಇಳಿದು ನಿಲ್ಲುತ್ತದೆ. ರಾತ್ರಿ ಕಾಲನ್ನು ಎತ್ತರದಲ್ಲಿಟ್ಟು ಮಲಗಿದರೆ ಈ ಬಾವು ಇಳಿಯುತ್ತದೆ.

ಬೆಳಗಾದರೂ ಬಾವು ಇಳಿಯದಿದ್ದರೆ, ಬೆರಳಿನಿಂದ ಒತ್ತಿದ ಜಾಗದಲ್ಲಿ ಕುಳಿ ಹಾಗೆಯೇ ನಿಂತರೆ ಎಚ್ಚರವಾಗಬೇಕು. ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿಂದಲೂ, ರಕ್ತಹೀನತೆಯಿಂದಲೂ ಹೀಗಾಗಬಹುದು. ಮಕ್ಕಳಲ್ಲಿ ಬೆಳಗ್ಗೆ ಕಣ್ಣಿನ ಸುತ್ತಲೂ ಬಾವು ಕಂಡು, ಮೂತ್ರ ಕಡಿಮೆಯಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಇಲ್ಲಿ ಪಾದವು ತನ್ನ ಸುದ್ದಿಯನ್ನಲ್ಲ, ಬೇರೆ ಅಂಗದ ಸುದ್ದಿಯನ್ನು ಹೇಳುತ್ತಿದೆ.

ಆನೆಕಾಲು ರೋಗ

ಸೊಲ್ಲಾಪುರ, ಕಲಬುರಗಿ ಭಾಗದ ಊರುಗಳಲ್ಲಿ ಒಂದು ಕಾಲು ಬಹಳ ದಪ್ಪವಾಗಿರುವ ಹಿರಿಯರನ್ನು ನೀವು ನೋಡಿರಬಹುದು. ಅದು ಆನೆಕಾಲು ರೋಗ. ಇದು ಯಾರ ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳು ಕಚ್ಚುವುದರಿಂದ ದಾರದಂತಹ ಸಣ್ಣ ಹುಳುಗಳು ದೇಹವನ್ನು ಸೇರುತ್ತವೆ. ಅವು ದುಗ್ಧನಾಳಗಳಲ್ಲಿ ವಾಸಮಾಡಿ ಅವನ್ನು ಕೆಡಿಸುತ್ತವೆ. ನಾಳ ಕೆಟ್ಟರೆ ನೀರಿನಂಶ ಹಿಂದಿರುಗಿ ಹೋಗಲಾರದು. ಆಗ ಕಾಲು ಬಾಯುತ್ತದೆ.

ಹುಳು ದೇಹವನ್ನು ಸೇರಿ ಎಷ್ಟೋ ವರ್ಷಗಳಾದ ಮೇಲೆ ಬಾವು ಕಾಣಿಸಬಹುದು. ಆದ್ದರಿಂದ ಆರೋಗ್ಯವಾಗಿರುವವರೂ ತಡೆಯುವ ಗುಳಿಗೆಯನ್ನು ನುಂಗಬೇಕು. 2004ರಿಂದ ನಮ್ಮ ದೇಶದಲ್ಲಿ ಈ ರೋಗ ಹರಡಿದ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಗುಳಿಗೆ ನುಂಗಿಸುವ ಅಭಿಯಾನ ನಡೆದಿದೆ. ಆರೋಗ್ಯ ಕಾರ್ಯಕರ್ತರು ಮನೆಗೆ ಬಂದಾಗ ಊಟ ಮಾಡಿ ಅವರ ಎದುರಿಗೇ ಗುಳಿಗೆ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಕಾಯಿಲೆಯವರಿಗೆ ಇದನ್ನು ಕೊಡುವುದಿಲ್ಲ.

ಈಗಾಗಲೇ ಕಾಲು ದಪ್ಪವಾದವರೂ ದಿನಾಲು ಸಾಬೂನಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಕಾಲನ್ನು ಎತ್ತರದಲ್ಲಿಟ್ಟು, ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ನೋವು ಜ್ವರಗಳು ಕಡಿಮೆಯಾಗುತ್ತವೆ. ಅಂಥವರ ಬಳಿ ಕುಳಿತರೆ ರೋಗ ಅಂಟುವುದಿಲ್ಲ. ಅವರನ್ನು ನೋಡಿ ನಗುವುದು ಅಜ್ಞಾನ.

ನೋಯದ ಪಾದ

ನೋವೇ ಇಲ್ಲದ ಪಾದ ಸಿಕ್ಕರೆ ಎಷ್ಟು ಚೆನ್ನ ಎಂದು ನಿಮಗೆ ಅನಿಸಬಹುದು. ಡಾ. ಪಾಲ್ ಬ್ರಾಂಡ್ ಅವರ ಕಥೆ ಕೇಳಿರಿ. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಿ, 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಸೇವೆ ಮಾಡಿದರು.

ಕುಷ್ಠರೋಗದಿಂದ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಬ್ರಾಂಡ್ ಅವರು ರೋಗಿಗಳ ಜೊತೆಯಲ್ಲಿದ್ದು ಗಮನಿಸಿದರು. ರೋಗವು ನರಗಳನ್ನು ಕೆಡಿಸುವುದರಿಂದ ಅವರಿಗೆ ನೋವು ತಿಳಿಯುತ್ತಿರಲಿಲ್ಲ. ಮೊಳೆ ಚುಚ್ಚಿದರೂ, ಬಿಸಿ ತಗುಲಿದರೂ ಅವರು ಹಾಗೆಯೇ ನಡೆಯುತ್ತಿದ್ದರು. ಗಾಯ ದಿನದಿನಕ್ಕೆ ಬೆಳೆಯುತ್ತಿತ್ತು. ಪಾದ ಹಾಳಾಗಲು ಕಾರಣ ನೋವಲ್ಲ, ನೋವು ಇಲ್ಲದಿರುವುದೇ ಎಂದು ಅವರು ತೋರಿಸಿಕೊಟ್ಟರು. ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಹಾಕಿಕೊಳ್ಳಲು, ದಿನವೂ ಪಾದಗಳನ್ನು ಕಣ್ಣಿನಿಂದ ಪರೀಕ್ಷಿಸಲು ರೋಗಿಗಳಿಗೆ ಕಲಿಸಿದರು.

ಒಮ್ಮೆ ದೂರದ ಪ್ರಯಾಣ ಮುಗಿಸಿ ಲಂಡನ್ ತಲುಪಿದ ರಾತ್ರಿ ಬ್ರಾಂಡ್ ಅವರು ಕಾಲುಚೀಲ ತೆಗೆದಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿಕೊಂಡರೂ ನೋವಾಗಲಿಲ್ಲ. ತಮಗೂ ರೋಗ ತಗುಲಿತೆಂದು ಅವರು ರಾತ್ರಿಯೆಲ್ಲ ಕಳವಳಪಟ್ಟರು. ಬೆಳಗ್ಗೆ ಮತ್ತೆ ಚುಚ್ಚಿದಾಗ ನೋವಿನಿಂದ ಕೂಗಿಕೊಂಡರು. ಆ ನೋವು ಅವರಿಗೆ ಎಲ್ಲಿಲ್ಲದ ಸಂತೋಷ ತಂದಿತು!

ಇಂದು ಕುಷ್ಠರೋಗವು 6 ರಿಂದ 12 ತಿಂಗಳ ಔಷಧದಿಂದ ವಾಸಿಯಾಗುತ್ತದೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಔಷಧ ಉಚಿತ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡದೆ ತೋರಿಸಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಿಂದಲೂ ಪಾದದ ನೋವು ತಿಳಿಯದಂತಾಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯಿದೆಯೇ? ಹಾಗಾದರೆ ನೀವು ಅವರಿಗೆ ಒಂದು ಉಪಕಾರ ಮಾಡಬಹುದು. ಅವರ ಕಣ್ಣು ಮಂಜಾಗಿರಬಹುದು, ಬಾಗಲು ಆಗದಿರಬಹುದು. ದಿನಾಲು ಸಂಜೆ ಅವರ ಅಂಗಾಲನ್ನು ನೀವು ನೋಡಿರಿ. ಗಾಯ, ಗುಳ್ಳೆ, ಕೆಂಪು ಕಂಡರೆ ಕೂಡಲೇ ತಿಳಿಸಿರಿ. ನಿಮ್ಮ ಎರಡು ನಿಮಿಷದಿಂದ ಅವರ ಕಾಲು ಉಳಿಯಬಹುದು.

ಪಾದಗಳ ಪಾಲನೆ

ದಿನಾಲು ಕಾಲು ತೊಳೆದು ಬೆರಳ ಸಂದುಗಳನ್ನು ಒಣಗಿಸಿರಿ. ಉಗುರನ್ನು ನೇರವಾಗಿ ಕತ್ತರಿಸಿರಿ. ಒಡೆದ ಹಿಮ್ಮಡಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿರಿ. ಗುಳ್ಳೆಯನ್ನು ಚುಚ್ಚಿ ಒಡೆಯಬೇಡಿರಿ. ಚಪ್ಪಲಿ ಬೂಟುಗಳನ್ನು ಸಂಜೆ ಕೊಳ್ಳುವುದು ಒಳ್ಳೆಯದು. ಆಗ ಪಾದ ತುಸು ಹಿಗ್ಗಿರುವುದರಿಂದ ಸರಿಯಾದ ಅಳತೆ ಸಿಗುತ್ತದೆ. ಬೂಟು ಹಾಕುವ ಮೊದಲು ಕೊಡವಿರಿ. ಒಳಗೆ ಚೇಳು ಇರಬಹುದು.

ಮುಖವನ್ನು ನಾವು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡುತ್ತೇವೆ. ಇಡೀ ದಿನ ನಮ್ಮನ್ನು ಹೊತ್ತು ತಿರುಗುವ ಪಾದಗಳನ್ನು ದಿನಕ್ಕೆ ಒಮ್ಮೆಯಾದರೂ ನೋಡೋಣ. ಅವು ಹೇಳುವ ಮಾತನ್ನು ಕೇಳೋಣ.

ಶಬ್ದಾರ್ಥ
ಬಾವು – ಊತ
ಹರಡು – ಪಾದ ಮತ್ತು ಕಾಲು ಕೂಡುವ ಗಂಟು
ಅಸ್ಥಿರಜ್ಜು – ಎಲುಬುಗಳನ್ನು ಬಿಗಿದಿಡುವ ಹುರಿ
ದುಗ್ಧನಾಳ – ದೇಹದ ನೀರಿನಂಶವನ್ನು ರಕ್ತಕ್ಕೆ ಮರಳಿ ಒಯ್ಯುವ ನಾಳ
ಮೀನಖಂಡ – ಮೊಣಕಾಲಿನ ಕೆಳಗೆ ಹಿಂಬದಿಯ ಮಾಂಸಲ ಭಾಗ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಒಂದು ಪಾದದಲ್ಲಿ ಎಷ್ಟು ಎಲುಬುಗಳಿವೆ?
2. ಆನೆಕಾಲು ರೋಗವನ್ನು ಹರಡುವ ಸೊಳ್ಳೆ ಯಾವುದು?
ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾಲು ಉಳುಕಿದಾಗ ಏನು ಮಾಡಬೇಕು? ಏನು ಮಾಡಬಾರದು?
2. ಸೂಜಿ ಚುಚ್ಚಿ ನೋವಾದಾಗ ಡಾ. ಬ್ರಾಂಡ್ ಅವರಿಗೆ ಸಂತೋಷವಾದುದು ಏಕೆ?
ಇ) ಉಪಕ್ರಮ: ನಿಮ್ಮ ಒದ್ದೆ ಹೆಜ್ಜೆಯ ಗುರುತನ್ನು ಕಾಗದದ ಮೇಲೆ ತೆಗೆದು, ಗೆಳೆಯರ ಹೆಜ್ಜೆಯೊಡನೆ ಹೋಲಿಸಿರಿ.