ನದಿಯ ತಂಪು ನೆರಳಲ್ಲ

ಕೃಷ್ಣೆ ಮತ್ತು ಭೀಮೆ ನಮ್ಮ ಸೀಮೆಗೆ ನೀರನ್ನು ಕೊಟ್ಟಂತೆ ಮೀನನ್ನೂ ಕೊಟ್ಟಿವೆ. ಸುರಪುರ ಸೀಮೆಯ ನಾರಾಯಣಪುರದಲ್ಲಿ ಬಸವಸಾಗರದ ಹಿನ್ನೀರು, ತಿಂಥಣಿಯ ಸೇತುವೆಯ ಆಸುಪಾಸು, ಶಹಾಪುರ ತಾಲೂಕಿನ ಕೊಳ್ಳೂರು, ಯಾದಗಿರಿ ಪಟ್ಟಣದ ಮಗ್ಗುಲಲ್ಲೇ ಹರಿಯುವ ಭೀಮೆ, ಹೀಗೆ ನೀರಿದ್ದಲ್ಲೆಲ್ಲ ಬಲೆಯನ್ನೇ ನಂಬಿ ಬದುಕುವ ಕುಟುಂಬಗಳಿವೆ. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸವನ್ನು ವರ್ಜಿಸುವ ನಮ್ಮ ಮನೆಗಳಿಗೆ ಕಾಟ್ಲಾ, ರೋಹು ಮೀನುಗಳು ಬರುವುದು ಇಂಥವರ ಕೈಯಿಂದಲೇ. ತಪಸ್ಸುಕಾಲವೆಂದರೆ ನಮ್ಮಲ್ಲಿ ಬಿಸಿಲು ಏರತೊಡಗುವ ಕಾಲವೂ ಹೌದು. ಮೀನು ಕೊಳ್ಳುವಾಗ ಅದರ ಕಿವಿರು ಕೆಂಪಗಿದೆಯೇ ಎಂದು ಎತ್ತಿ ನೋಡುವುದು ನಮಗೆಲ್ಲ ರೂಢಿ. ಅದನ್ನು ಹಿಡಿದವನ ಕಣ್ಣು ಏಕೆ ಕೆಂಪಗಿದೆ ಎಂದು ಕೇಳುವವರು ಅಪರೂಪ. ಮೀನು ಹಿಡಿಯುವವರೂ ಮಾರುವವರೂ ತಮ್ಮ ಮುಖ, ಕಣ್ಣು, ಚರ್ಮಗಳನ್ನು ಬಿಸಿಲಿನಿಂದ ಕಾಪಾಡಿಕೊಳ್ಳುವ ಬಗೆಯನ್ನು ಈ ವಾರ ವಿಚಾರ ಮಾಡೋಣ.

ತಂಪಿನ ಮೋಸ

ನಮ್ಮ ಈ ಭಾಗ ಸುಮಾರು 16.5ರಿಂದ 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮೊದಲ ಹತ್ತು ದಿನಗಳಲ್ಲೊಮ್ಮೆ ಮತ್ತು ಆಗಸ್ಟ್ ತಿಂಗಳ ಮೊದಲ ಹತ್ತು ದಿನಗಳಲ್ಲೊಮ್ಮೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8 ಗಂಟೆಗೆ ಬದಲಿಸುವ ಪದ್ಧತಿಯಿದೆ. ಹರಿಗೋಲಿನಲ್ಲಿ ದುಡಿಯುವವನ ವೇಳೆಯನ್ನು ಬದಲಿಸುವ ಆದೇಶ ಮಾತ್ರ ಎಲ್ಲಿಂದಲೂ ಬರುವುದಿಲ್ಲ.

ಹೊಲದಲ್ಲಿ ದುಡಿಯುವವನು ಬಿಸಿಲು ತಾಳಲಾರದೆ ಬೇವಿನ ಮರದಡಿಗೆ ಬರುತ್ತಾನೆ. ನೀರಿನ ಮೇಲಿರುವವನಿಗೆ ಮರವಿಲ್ಲ. ಜೊತೆಗೆ ಬೀಸುವ ಗಾಳಿ ಮೈಗೆ ಹಿತವೆನಿಸುವುದರಿಂದ ಮರ ಬೇಕೆಂದೂ ಅನಿಸುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಚರ್ಮವನ್ನು ಸುಡುವುದು ನಮಗೆ ತಟ್ಟುವ ಶಾಖವಲ್ಲ, ಬಿಸಿಲಿನಲ್ಲಿ ಅಡಗಿರುವ ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣದು, ಮೈಗೆ ಬಿಸಿಯೆನಿಸದು. ತಂಗಾಳಿ ಬೆವರನ್ನು ಆರಿಸಬಲ್ಲದು, ಈ ಕಿರಣವನ್ನು ತಡೆಯಲಾರದು. ತೆಳುವಾದ ಮೋಡವಿದ್ದಾಗಲೂ ಅದರ ನೂರಕ್ಕೆ 80 ಪಾಲಿನವರೆಗೆ ಕೆಳಗಿಳಿದು ಬರಬಹುದು. ಶ್ರಾವಣದ ತೆಳುಮೋಡದಲ್ಲಿಯೂ ಮುಖ ಕಂದುವುದು ಇದರಿಂದಲೇ.

ಬೆಳಕು ಮೇಲಿನಿಂದ ಮಾತ್ರ ಬೀಳುವುದೂ ಇಲ್ಲ. ನೀರು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದಲ್ಲಿ ನೂರಕ್ಕೆ 10 ಪಾಲಿಗಿಂತ ಕಡಿಮೆಯನ್ನು ಹಿಂದಕ್ಕೆ ಚಿಮ್ಮಿಸಿದರೆ, ದಡದ ಒಣ ಮರಳು ಸುಮಾರು 15 ಪಾಲನ್ನು ಚಿಮ್ಮಿಸುತ್ತದೆ. ಇದು ಅಲ್ಪವೆಂದು ತೋರಿದರೂ ನೇರವಾಗಿ ಗದ್ದ, ಮೂಗಿನ ಕೆಳಭಾಗ, ಕಣ್ಣುಗಳಿಗೆ ಬಡಿಯುತ್ತದೆ. ತಲೆಗೆ ಸುತ್ತಿದ ರುಮಾಲು ಈ ಭಾಗಗಳನ್ನು ಕಾಯುವುದಿಲ್ಲ. ಕರಾವಳಿಯ ಅಡಕೆ ಹಾಳೆಯ ಮುಟ್ಟಾಳೆಗೂ ಇದೇ ಮಿತಿಯಿದೆ: ನೆತ್ತಿಗೆ ನೆರಳು, ಮುಖಕ್ಕಿಲ್ಲ.

ಕಪ್ಪು ಮೈಗೆ ಭಯವಿಲ್ಲವೇ?

ನೀರಿನ ಮೇಲೆ ದುಡಿಯುವವರ ಮುಖವೇ ಈ ವಿಷಯದಲ್ಲಿ ವೈದ್ಯರಿಗೆ ಮೊದಲ ಪಾಠ ಕಲಿಸಿತೆನ್ನಬಹುದು. 1894ರಲ್ಲಿ ಜರ್ಮನಿಯ ಚರ್ಮವೈದ್ಯ ಪಾಲ್ ಉನ್ನ ಅವರು ಹಡಗಿನ ನಾವಿಕರ ಮುಖ ಮತ್ತು ಕೈಗಳ ಚರ್ಮ ದಪ್ಪಗಾಗಿ, ಒರಟಾಗಿ, ಕೊನೆಗೆ ಕ್ಯಾನ್ಸರಿಗೆ ತುತ್ತಾಗುವುದನ್ನು ವಿವರಿಸಿದರು. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸೂರ್ಯನ ಕಿರಣಗಳನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು.

ನಮ್ಮ ಜನರ ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಒಂದು ವರವೇ ಸರಿ. ಅದರಿಂದಾಗಿ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಆ ವರ ಎಲ್ಲವನ್ನೂ ಕಾಯುವುದಿಲ್ಲ. ಮೊದಲನೆಯದಾಗಿ ಕಣ್ಣು. ಬಹುಕಾಲ ಬಿಸಿಲು, ಗಾಳಿ, ಧೂಳಿಗೆ ಒಡ್ಡಿದ ಕಣ್ಣಿನ ಬಿಳಿಭಾಗದ ಮೇಲೆ, ಹೆಚ್ಚಾಗಿ ಮೂಗಿನ ಕಡೆಯಿಂದ, ಮಾಂಸದಂತಹ ತೆಳುಪೊರೆ ಬೆಳೆದು ಕರಿಗುಡ್ಡೆಯತ್ತ ಸರಿಯುತ್ತದೆ. ಕಣ್ಣು ಕೆಂಪಾಗಿ ಉರಿಯುತ್ತದೆ. ಪೊರೆ ಮುಂದುವರಿದರೆ ದೃಷ್ಟಿಯೇ ಮಸುಕಾಗುತ್ತದೆ. ಬಲೆಯ ಹರಕನ್ನು ಹೆಣೆಯಬೇಕಾದವನಿಗೆ ದೃಷ್ಟಿ ಹೋದರೆ ಅನ್ನವೇ ಹೋದಂತೆ. ಮೋತಿಬಿಂದು ಬೇಗ ಬರುವುದಕ್ಕೂ ಈ ಕಿರಣ ಒಂದು ಕಾರಣ.

ಎರಡನೆಯದು ಕೆಳತುಟಿ. ಅದು ಸದಾ ಆಕಾಶಕ್ಕೆ ಮುಖ ಮಾಡಿರುತ್ತದೆ, ಮೆಲನಿನ್ನಿನ ರಕ್ಷಣೆಯೂ ಅದಕ್ಕೆ ಕಡಿಮೆ. ವಾರಗಟ್ಟಲೆ ಮಾಯದ ಬಿರುಕು, ಹುಣ್ಣು, ಬಿಳಿ ಕಲೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ತಂಬಾಕು ಜಗಿಯುವವರು ಒಂದು ದಿನವೂ ತಡಮಾಡಬಾರದು. ಮೂರನೆಯದು ಕೆನ್ನೆಯ ಮೇಲೆ ಹರಡುವ ಬಂಗು. ತೊನ್ನು ಇರುವವರ ಬಿಳಿ ಕಲೆಗಳು ಬಿಸಿಲಿಗೆ ಬೇಗ ಸುಡುತ್ತವೆ. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳಿಗೆ ಮೆಲನಿನ್ನಿನ ಆಸರೆಯೇ ಇಲ್ಲ. ಅಂಥ ಮಗುವನ್ನು ಹಗಲಿನಲ್ಲಿ ಹರಿಗೋಲಿಗೆ ಹತ್ತಿಸುವುದೇ ತರವಲ್ಲ.

ಖರ್ಚಿಲ್ಲದ ರಕ್ಷಣೆ ಮೊದಲು

ಅತ್ಯುತ್ತಮ ಉಪಾಯ ಅಂಗಡಿಯಲ್ಲಿಲ್ಲ, ಗಡಿಯಾರದಲ್ಲಿದೆ. ದಿನದ ನೇರಳಾತೀತ ಕಿರಣದಲ್ಲಿ ನೂರಕ್ಕೆ 60 ಪಾಲು ಭೂಮಿಗೆ ಬೀಳುವುದು ಬೆಳಗಿನ 10ರಿಂದ ಮಧ್ಯಾಹ್ನ 2ರವರೆಗೆ. ಸಂಜೆ ಬಲೆ ಕಟ್ಟಿ, ನಸುಕಿನಲ್ಲಿ ಎತ್ತಿ, ಬಿಸಿಲೇರುವ ಮುನ್ನ ದಡ ಸೇರುವ ಹಳೆಯ ರೂಢಿ ವಿಜ್ಞಾನಕ್ಕೂ ಒಪ್ಪುವಂಥದು. ಪ್ರೇಷಿತ ಪೇತ್ರ ಮತ್ತು ಅವನ ಸಂಗಡಿಗರು ಗಲಿಲೇಯ ಸರೋವರದಲ್ಲಿ ರಾತ್ರಿಯೆಲ್ಲ ಬಲೆ ಹಾಕುತ್ತಿದ್ದರೆಂದು ಶುಭಸಂದೇಶದಿಂದ ನಾವು ಬಲ್ಲೆವು. ಗಡಿಯಾರವಿಲ್ಲದವರಿಗೆ ನೆರಳೇ ಗಡಿಯಾರ: ನಿಮ್ಮ ನೆರಳು ನಿಮಗಿಂತ ಗಿಡ್ಡದಾದರೆ, ಕಿರಣ ಬಲವಾಗಿದೆಯೆಂದು ತಿಳಿಯಿರಿ.

ಎರಡನೆಯ ರಕ್ಷಣೆ ಬಟ್ಟೆ. ತುಂಬುತೋಳಿನ, ಒತ್ತಾದ ನೇಯ್ಗೆಯ, ಗಾಢಬಣ್ಣದ, ಸಡಿಲ ಅಂಗಿ ಉತ್ತಮ. ತೆಳ್ಳನೆಯ ಬಿಳಿ ಹತ್ತಿಯ ಬಟ್ಟೆ ನೆನೆದಾಗ ಅದರ ಮೂಲಕ ಕಿರಣ ಇನ್ನಷ್ಟು ಒಳನುಗ್ಗುತ್ತದೆ. ನೀರಿನಲ್ಲಿ ಅದ್ದಿ ಹೊದ್ದ ವಸ್ತ್ರ ತಂಪು ನೀಡೀತು, ಪೂರ್ಣ ರಕ್ಷಣೆ ನೀಡದು. ರುಮಾಲಿನ ಒಂದು ಸೆರಗನ್ನು ಕುತ್ತಿಗೆ ಮತ್ತು ಕಿವಿ ಮುಚ್ಚುವಂತೆ ಇಳಿಬಿಟ್ಟು, ಇನ್ನೊಂದನ್ನು ಮೂಗಿನವರೆಗೆ ಸುತ್ತಿಕೊಂಡರೆ ಮುಖದ ಬಹುಭಾಗ ಉಳಿಯುತ್ತದೆ. ಸುತ್ತಲೂ 3 ಅಂಗುಲ ಅಂಚಿರುವ ಟೊಪ್ಪಿಗೆ ಇನ್ನೂ ಮೇಲು. ನದಿಯ ಗಾಳಿಗೆ ಅದು ಹಾರದಂತೆ ಗದ್ದದ ಕೆಳಗೆ ದಾರ ಕಟ್ಟಿಕೊಳ್ಳಬೇಕು.

ಕಪ್ಪು ಕನ್ನಡಕ ಶೋಕಿಯ ವಸ್ತುವಲ್ಲ. ಆದರೆ ಗಾಜು ಕಪ್ಪಗಿದ್ದ ಮಾತ್ರಕ್ಕೆ ಕಿರಣ ತಡೆಯುತ್ತದೆಂದು ನಂಬಬಾರದು. 'ಯುವಿ 400' ಎಂಬ ಗುರುತಿರುವುದನ್ನೇ ಆರಿಸಬೇಕು.

ಮುಲಾಮಿನ ಮಾತು

ಬಟ್ಟೆ ಮುಚ್ಚದ ಮೂಗು, ಕೆನ್ನೆ, ಕಿವಿ, ಕೈಯ ಹಿಂಬದಿಗಳಿಗೆ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಮುಲಾಮು ಸಹಾಯಕ. ಡಬ್ಬಿಯ ಮೇಲೆ 'ಎಸ್‌ಪಿಎಫ್ 30' ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಇರಲಿ. ಮುಖ ಮತ್ತು ಕುತ್ತಿಗೆಗೆ ಅರ್ಧ ಚಹಾ ಚಮಚದಷ್ಟು ಬೇಕು. ನೀರಿಗಿಳಿಯುವ ಕಾಲು ಗಂಟೆ ಮೊದಲು ಹಚ್ಚಿ, ಬೆವರು ಮತ್ತು ನೀರಿಗೆ ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂಗೈಯನ್ನು ಒರೆಸಿಕೊಳ್ಳಿ, ಇಲ್ಲವಾದರೆ ಹುಟ್ಟು ಜಾರುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನಗಳು ಈ ಕೆಲಸಕ್ಕೆ ಸಾಲವು.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೀನಿನ ವಾಸನೆ ಕಳೆಯಲು ನಿಂಬೆಹಣ್ಣು ಉಜ್ಜುವವರು ಅನೇಕರಿದ್ದಾರೆ. ನಿಂಬೆಯ ರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಸಾಬೂನಿನಿಂದ ಚೆನ್ನಾಗಿ ತೊಳೆದೇ ಬಿಸಿಲಿಗೆ ಹೋಗಬೇಕು. ಡಾಕ್ಸಿಸೈಕ್ಲಿನ್‌ನಂಥ ಕೆಲವು ಗುಳಿಗೆಗಳು ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿಸುತ್ತವೆ. ಗುಳಿಗೆ ಬರೆಯುವ ವೈದ್ಯರಿಗೆ ತಮ್ಮ ಕಸುಬು ಯಾವುದೆಂದು ಹೇಳಿರಬೇಕು. ಮೂರನೆಯದೇ ಹೆಚ್ಚು ಕಳವಳಕಾರಿ. ಮುಖ ಕಪ್ಪಾಯಿತೆಂಬ ಸಂಕೋಚದಿಂದ, ಮದುವೆಯ ವಯಸ್ಸಿನವರು ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿಕೊಳ್ಳುತ್ತಾರೆ. ಕೆಲವು ದಿನ ಬಣ್ಣ ತಿಳಿಯಾದಂತೆ ಕಂಡರೂ ಚರ್ಮ ತೆಳುವಾಗಿ, ಮೊಡವೆ ಎದ್ದು, ಬಿಸಿಲಿಗೆ ಮೊದಲಿಗಿಂತ ಹೆಚ್ಚು ಉರಿಯುತ್ತದೆ. ನಾವು ಕಾಪಾಡಬೇಕಾದದ್ದು ಆರೋಗ್ಯವನ್ನು, ಬಿಳುಪನ್ನಲ್ಲ. ದುಡಿದು ಕಪ್ಪಾದ ಮುಖದಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ನೆರಳು ಹಂಚಿಕೊಳ್ಳೋಣ

ಮೀನು ಹಿಡಿಯುವವನು ದಡ ಸೇರಿದ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳ ಬಿಸಿಲು ಆರಂಭವಾಗುತ್ತದೆ. ಸಂತೆಯ ಬಯಲಿನಲ್ಲಿ ಮೀನಿನ ಮೇಲೆ ಒದ್ದೆ ಗೋಣಿ ಹೊದಿಸಿ, ತಾನು ಬರಿಯ ಸೆರಗಿನ ನೆರಳಿನಲ್ಲಿ ಕುಳಿತಿರುತ್ತಾಳೆ. ಬೇಸಿಗೆಯ ರಜೆ ಬಂದರೆ ಗಾಳ ಹಿಡಿದು ಕೆರೆ, ಕಾಲುವೆಗಳ ದಂಡೆಯಲ್ಲಿ ಮಧ್ಯಾಹ್ನವಿಡೀ ನಿಲ್ಲುವ ಮಕ್ಕಳೂ ನಮ್ಮವರೇ. ಚರ್ಮಕ್ಕೆ ಬಾಲ್ಯದಲ್ಲಿ ಆದ ಹಾನಿ ಮುಂದೆ ವಯಸ್ಸಾದಾಗ ತಲೆಯೆತ್ತುತ್ತದೆ. ಅವರನ್ನು ಬೆಳಗ್ಗೆ ಇಲ್ಲವೆ ಸಂಜೆ, ದೊಡ್ಡವರ ಜೊತೆಯಲ್ಲಿ, ತಲೆಗೊಂದು ಟೊಪ್ಪಿಗೆ ಹಾಕಿ ಕಳುಹಿಸುವುದು ತಂದೆತಾಯಂದಿರ ಹೊಣೆ.

ನಾರಾಯಣಪುರದ ಸಮೀಪ ಕೃಷ್ಣೆಯ ದಂಡೆಯಲ್ಲಿ ಛಾಯಾ ಭಗವತಿ ಎಂಬ ಪ್ರಸಿದ್ಧ ಕ್ಷೇತ್ರವಿದೆ. ಛಾಯೆಯೆಂದರೆ ನೆರಳು. ಆ ಹೆಸರನ್ನು ಹೊತ್ತ ದಂಡೆಯಲ್ಲಿ ದುಡಿಯುವವರಿಗೆ ನೆರಳೇ ದುರ್ಲಭವಾಗಬಾರದು. ನಮ್ಮ ಯುವಜನರ ಮತ್ತು ಮಹಿಳೆಯರ ಸಂಘಗಳು ಹಬ್ಬದ ದಾನವಾಗಿ ಅಂಚುಳ್ಳ ಟೊಪ್ಪಿಗೆಗಳನ್ನು ಹಂಚಬಹುದು. ಸಂತೆಯಲ್ಲಿ ಮೀನು ಮಾರುವ ತಾಯಂದಿರಿಗೆ ನಾಲ್ಕು ಗಳ ನೆಟ್ಟು ಒಂದು ತಾಡಪಾಲು ಕಟ್ಟಿಕೊಡಬಹುದು. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆಯ ಶಿಬಿರಕ್ಕೆ ಮೀನುಗಾರ ಕುಟುಂಬಗಳನ್ನು ಕರೆತರಬಹುದು. ಮುಂದಿನ ಶುಕ್ರವಾರ ಮೀನು ಕೊಳ್ಳುವಾಗ ಬೆಲೆಯ ಮಾತು ಮುಗಿದ ಮೇಲೆ, ಅವರ ಕಣ್ಣಿನ ಉರಿಯ ಬಗ್ಗೆಯೂ ಒಂದು ಮಾತು ಕೇಳೋಣ.