ಹಡ್ಸನ್ ಕೊಲ್ಲಿಯ ತುಪ್ಪಳದ ಕೋಠಿ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಹೇಯ್ಸ್ ನದಿ ಹಡ್ಸನ್ ಕೊಲ್ಲಿಗೆ ಸೇರುವ ಕಡೆ, ಬಿಳಿ ಬಣ್ಣದ ದೊಡ್ಡ ಮರದ ಉಗ್ರಾಣವೊಂದಿದೆ. ಅಲ್ಲಿಗೆ ರಸ್ತೆಯಿಲ್ಲ, ರೈಲಿಲ್ಲ. ಪುಟ್ಟ ವಿಮಾನ ಹಿಡಿಯಬೇಕು, ಇಲ್ಲವೇ ದೋಣಿ ಹತ್ತಬೇಕು. ಇದರ ಹೆಸರು ಯಾರ್ಕ್ ಫ್ಯಾಕ್ಟರಿ. ಇಲ್ಲಿ ಯಾವ ಯಂತ್ರವೂ ತಿರುಗುತ್ತಿರಲಿಲ್ಲ. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಮೆಣಸಿಗಾಗಿ ತೆರೆದಿದ್ದಂಥದ್ದೇ ಒಂದು ವ್ಯಾಪಾರದ ಕೋಠಿ ಇದು. ಇಲ್ಲಿ ಕೊಳ್ಳುತ್ತಿದ್ದದ್ದು ಬೀವರ್ ಎಂಬ ನೀರುಪ್ರಾಣಿಯ ತುಪ್ಪಳ.

ಬೀವರಿನ ಒಳಪದರದ ನವಿರು ಕೂದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿರುತ್ತವೆ. ಒತ್ತಿ ತಟ್ಟಿದರೆ ಒಂದಕ್ಕೊಂದು ಹೆಣೆದುಕೊಂಡು, ಮಳೆಗೂ ಆಕಾರ ಕೆಡದ ಗಟ್ಟಿ ನಮದೆ (ಫೆಲ್ಟ್ ಬಟ್ಟೆ) ಆಗುತ್ತವೆ. ಯುರೋಪಿನ ಶ್ರೀಮಂತರ ಟೋಪಿಗಳಿಗೆ ಈ ನಮದೆಯೇ ಬೇಕಿತ್ತು. ಎಲ್ಲಕ್ಕಿಂತ ಬೆಲೆಬಾಳುತ್ತಿದ್ದದ್ದು ಸ್ಥಳೀಯ ಕ್ರೀ ಜನ ಚಳಿಗಾಲವಿಡೀ ಮೈಗೆ ತಾಗುವಂತೆ ಹೊದ್ದು ಹಳೆಯದಾದ ತೊಗಲು. ಮೈಯ ಜಿಡ್ಡು, ಬೆವರು, ತಿಕ್ಕಾಟದಿಂದ ಹೊರಗಿನ ಒರಟು ಕೂದಲು ಉದುರಿ ಒಳಗಿನ ನವಿರು ಮಾತ್ರ ಉಳಿದಿರುತ್ತಿತ್ತು. ಲಂಡನ್ನಿನ ಟೋಪಿ ತಯಾರಕರ ಅರ್ಧ ಕೆಲಸವನ್ನು ಕ್ರೀ ಜನರ ಮೈಗಳೇ ಮಾಡಿಕೊಟ್ಟಿದ್ದವು.

1670ರ ಮೇ 2ರಂದು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಬರೆದುಕೊಟ್ಟ. ಕೊಲ್ಲಿಗೆ ಹರಿದುಬರುವ ಎಲ್ಲ ನದಿಗಳ ಸೀಮೆಯೂ ಕಂಪನಿಯದೇ ಎಂದಿತು ಆ ಸನ್ನದು. ಇಂದಿನ ಇಡೀ ಭಾರತಕ್ಕಿಂತ ದೊಡ್ಡ ನೆಲ ಅದು. ಅಲ್ಲಿ ಕ್ರೀ, ಡೆನೆ, ಅಸಿನಿಬೊಯಿನ್ ಮೊದಲಾದ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು. ಅವರನ್ನು ಒಂದು ಮಾತು ಕೇಳಿದವರಿಲ್ಲ. 1684ರಲ್ಲಿ ಹೇಯ್ಸ್ ನದಿಯ ದಡದಲ್ಲಿ ಕಂಪನಿಯ ಕೋಠಿ ಎದ್ದಿತು.

ಆ ಕೋಠಿಗಾಗಿ ಫ್ರೆಂಚರೂ ಇಂಗ್ಲಿಷರೂ ಎಡೆಬಿಡದೆ ಕಾದಾಡಿದರು. 1697ರಲ್ಲಿ ಡಿಬರ್ವಿಲ್ ಎಂಬ ಫ್ರೆಂಚ್ ನಾಯಕ ಒಂದೇ ಹಡಗಿನಲ್ಲಿ ಮೂರು ಇಂಗ್ಲಿಷ್ ಹಡಗುಗಳನ್ನು ಎದುರಿಸಿ ಗೆದ್ದು, ಕೋಠಿಯನ್ನೂ ವಶಪಡಿಸಿಕೊಂಡ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಅದು ಮತ್ತೆ ಇಂಗ್ಲಿಷರಿಗೆ ಬಂತು. 1782ರ ಆಗಸ್ಟಿನಲ್ಲಿ ಲಾ ಪೆರೂಸ್ ಎಂಬ ಫ್ರೆಂಚ್ ನೌಕಾಧಿಕಾರಿ ಬಂದು ಅದನ್ನು ಸುಟ್ಟುಹಾಕಿ ಹೋದ. ಆಗ ಫ್ರೆಂಚರಿಗೂ ಇಂಗ್ಲಿಷರಿಗೂ ನಡೆಯುತ್ತಿದ್ದ ಯುದ್ಧದ ಇನ್ನೊಂದು ರಂಗ ನಮ್ಮ ಕಡೆಯಿತ್ತು. ಹೈದರ್ ಅಲಿಗೆ ನೆರವಾಗಲು ಆ ವರ್ಷವೇ ಫ್ರೆಂಚ್ ಪಡೆ ಕೋರಮಂಡಲ ಕರಾವಳಿಯಲ್ಲಿ ಇಳಿದಿತ್ತು. ಆದರೆ ಹಡ್ಸನ್ ಕೊಲ್ಲಿಯ ಜನರಿಗೆ ಫಿರಂಗಿಗಿಂತ ಘೋರವಾದದ್ದು ಅದೇ ವರ್ಷ ಒಳನಾಡಿನಿಂದ ಬಂದ ಸಿಡುಬು. ಕೋಠಿಗೆ ತುಪ್ಪಳ ತರುತ್ತಿದ್ದ ಕುಟುಂಬಗಳೇ ಅಳಿದುಹೋದವು.

ವ್ಯಾಪಾರಕ್ಕೊಂದು ರೀತಿಯಿತ್ತು. ಬೇಸಿಗೆಯಲ್ಲಿ ನದಿಯ ಹಿಮ ಕರಗಿದ ಮೇಲೆ ದೋಣಿಗಳ ಸಾಲು ಒಳನಾಡಿನಿಂದ ಇಳಿದು ಬರುತ್ತಿತ್ತು. ಬಂದ ತಕ್ಷಣ ತಕ್ಕಡಿ ಹಿಡಿಯುವಂತಿರಲಿಲ್ಲ. ಮೊದಲು ಮುಖಂಡನಿಗೆ ಅಂಗಿ, ಟೋಪಿ, ಹೊಗೆಸೊಪ್ಪಿನ ಉಡುಗೊರೆ, ಆಮೇಲೆ ಇಬ್ಬರೂ ಕೂತು ಶಾಂತಿಯ ಚಿಲುಮೆ ಸೇದುವುದು, ಅದರ ನಂತರ ಲೆಕ್ಕ. ನಾಣ್ಯ ನಡೆಯದ ಆ ಸೀಮೆಯಲ್ಲಿ ಬೆಳೆದ ಬೀವರಿನ ಒಂದು ಒಳ್ಳೆಯ ತೊಗಲೇ ಲೆಕ್ಕದ ಮೂಲಮಾನ. ಕಂಬಳಿಗಿಷ್ಟು, ಹಂಡೆಗಿಷ್ಟು, ಬಂದೂಕಿಗೆ ಹತ್ತಕ್ಕೂ ಹೆಚ್ಚು ಎಂದು ದರಪಟ್ಟಿ ಇತ್ತು. ಕೋಠಿಯವರು ಪಟ್ಟಿಗಿಂತ ಹೆಚ್ಚು ಕಿತ್ತುಕೊಳ್ಳುತ್ತಿದ್ದುದೂ ನಿಜ. ಹಾಗಂತ ಮಣಿ ತೋರಿಸಿ ಮುಗ್ಧರನ್ನು ಮರುಳುಮಾಡಿದರು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ಚಳಿಗೆ ಸಿಡಿಯುವ ಬಂದೂಕನ್ನೂ ತೆಳು ಹಂಡೆಯನ್ನೂ ಆ ಗಿರಾಕಿಗಳು ಮುಖದ ಮೇಲೆ ಹೇಳಿ ತಿರಸ್ಕರಿಸುತ್ತಿದ್ದರು. ಕೋಠಿಯವರು ಆ ದೂರುಗಳನ್ನು ಲಂಡನ್ನಿಗೆ ಬರೆಯುತ್ತಿದ್ದರು. ಇಲ್ಲಿ ಸರಿಹೋಗದಿದ್ದರೆ ಫ್ರೆಂಚರ ಬಳಿ ಹೋಗುವ ದಾರಿ ಆ ಗಿರಾಕಿಗಳಿಗೆ ಗೊತ್ತಿತ್ತು.

ಈ ಕೋಠಿಯ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯಾವ ಗವರ್ನರನೂ ಅಲ್ಲ, ಥಾನಡೆಲ್ತುರ್ ಎಂಬ ಡೆನೆ ಹೆಣ್ಣುಮಗಳು. ಕ್ರೀಗಳಿಗೂ ಡೆನೆಗಳಿಗೂ ಆಗ ಕಡುವೈರ. ಕ್ರೀಗಳ ಸೆರೆಯಿಂದ ತಪ್ಪಿಸಿಕೊಂಡ ಈ ಎಳೆಯ ಹೆಂಗಸು 1714ರಲ್ಲಿ ಕೋಠಿಗೆ ಬಂದು ಸೇರಿದಳು. ಡೆನೆಗಳ ಜೊತೆ ವ್ಯಾಪಾರ ಮಾಡಬೇಕೆಂದಿದ್ದ ಗವರ್ನರ್ ಜೇಮ್ಸ್ ನೈಟ್, ಮರುವರ್ಷ ಬೇಸಿಗೆಯಲ್ಲಿ ಸುಮಾರು 150 ಕ್ರೀಗಳು ಮತ್ತು ವಿಲಿಯಂ ಸ್ಟುವರ್ಟ್ ಎಂಬ ತನ್ನ ನೌಕರನ ಜೊತೆ ಅವಳನ್ನು ಸಂಧಾನಕ್ಕೆ ಕಳಿಸಿದ. ಮರವಿಲ್ಲದ ಆ ಬರಡು ಸೀಮೆಯಲ್ಲಿ ಹಸಿವು, ಕಾಯಿಲೆ ತಾಳಲಾರದೆ ಬಹಳಷ್ಟು ಮಂದಿ ಹಿಂದಿರುಗಿದರು. ಮುಂದೆ ಒಂದು ಕಡೆ, ಬೇರೊಂದು ಕ್ರೀ ಗುಂಪು ಕೊಂದುಹಾಕಿದ ಡೆನೆಗಳ ಹೆಣಗಳು ಸಿಕ್ಕವು. ಸೇಡಿಗೆ ಹೆದರಿದ ಉಳಿದವರೂ ಹಿಂದಿರುಗಲು ಸಿದ್ಧರಾದರು. ಹತ್ತು ದಿನ ಇಲ್ಲೇ ಕಾಯಿರಿ ಎಂದು ಹೇಳಿ ಅವಳೊಬ್ಬಳೇ ಹೊರಟಳು. ತನ್ನವರನ್ನು ಹುಡುಕಿ, ಗಂಟಲು ಕಟ್ಟುವವರೆಗೆ ಮಾತಾಡಿ ಒಪ್ಪಿಸಿ, ಕೊಟ್ಟ ಗಡುವಿನೊಳಗೆ ನೂರಕ್ಕೂ ಹೆಚ್ಚು ಡೆನೆಗಳನ್ನು ಕರೆತಂದಳು. ಎರಡೂ ಕಡೆಯವರು ಒಟ್ಟಿಗೆ ಚಿಲುಮೆ ಸೇದಿದರು. 1716ರ ಮೇ ತಿಂಗಳಲ್ಲಿ ಅವಳು ಕೋಠಿಗೆ ಮರಳಿದಳು, ಮರುವರ್ಷ ಫೆಬ್ರವರಿ 5ರಂದು ಕಾಯಿಲೆಯಿಂದ ತೀರಿಕೊಂಡಳು. ಅದೇ 1717ರಲ್ಲಿ ಕಂಪನಿ ಚರ್ಚಿಲ್ ನದಿಯಲ್ಲಿ ಡೆನೆಗಳಿಗಾಗಿ ಹೊಸ ಕೋಠಿ ತೆರೆಯಿತು. ಅವಳು ಬೆಸೆದ ಶಾಂತಿಯೇ ಅದಕ್ಕೆ ಬುನಾದಿ. ನೈಟ್ ತನ್ನ ದಿನಚರಿಯಲ್ಲಿ ಅವಳನ್ನು ಗುಲಾಮ ಹೆಂಗಸು ಎಂದೇ ಬರೆದ. ಅವಳ ಹೆಸರನ್ನು ಉಳಿಸಿಕೊಂಡು ಬಂದವರು ಡೆನೆ ಜನ, ಬಾಯಿಂದ ಬಾಯಿಗೆ.

ಕೋಠಿಯ ದಿನದಿನದ ಬದುಕೂ ಇಂಥ ಸ್ಥಳೀಯರ ಕೈಯಲ್ಲೇ ಇತ್ತು. ಲಂಡನ್ನಿನ ಹಡಗು ವರ್ಷಕ್ಕೊಮ್ಮೆ ಬರುತ್ತಿತ್ತು. ಹಿಮ ಕಟ್ಟುವ ಮೊದಲೇ ಸರಕು ಇಳಿಸಿ, ತುಪ್ಪಳ ತುಂಬಿಕೊಂಡು ಹಿಂದಿರುಗಬೇಕಿತ್ತು. ಉಳಿದ ತಿಂಗಳುಗಳಲ್ಲಿ ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಿಂದ ಬಂದ ಕೂಲಿಯಾಳುಗಳ ಹೊಟ್ಟೆ ತುಂಬಿಸಿದ್ದು ಹತ್ತಿರದಲ್ಲೇ ನೆಲೆಸಿದ ಕ್ರೀ ಬೇಟೆಗಾರರು ತಂದುಕೊಟ್ಟ ಕಾಡು ಹೆಬ್ಬಾತುಗಳು. ಹಿಮದ ಮೇಲೆ ನಡೆಯುವ ಬಲೆಪಾದುಕೆ ಹೆಣೆದವರು, ತೊಗಲಿನ ಮೆಟ್ಟು ಹೊಲಿದವರು ಕ್ರೀ ಹೆಂಗಸರು. ಅವರಿಲ್ಲದೆ ಒಂದು ಚಳಿಗಾಲವನ್ನೂ ಕಂಪನಿ ದಾಟುತ್ತಿರಲಿಲ್ಲ.

1821ರಲ್ಲಿ ಎದುರಾಳಿ ನಾರ್ತ್ ವೆಸ್ಟ್ ಕಂಪನಿ ಹಡ್ಸನ್ಸ್ ಬೇ ಕಂಪನಿಯಲ್ಲಿ ವಿಲೀನವಾದ ಮೇಲೆ ಯಾರ್ಕ್ ಫ್ಯಾಕ್ಟರಿಯ ವೈಭವದ ಕಾಲ ಬಂತು. ಈಗ ಉಳಿದಿರುವ ಉಗ್ರಾಣ 1830ರ ದಶಕದ್ದು. ಅಡಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಮೇಲ್ಪದರ ಮಾತ್ರ ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ. ಆ ಚಲನೆಗೆ ಮಣಿಯುವಂತೆ ಮರದ ಚೌಕಟ್ಟು ಜೋಡಿಸಿದ ಬಡಗಿಗಳ ಜಾಣ್ಮೆಗೆ ಕೈಮುಗಿಯಬೇಕು. ಇತ್ತ ಟೋಪಿಗಳು ಬೀವರಿನಿಂದ ರೇಷ್ಮೆಗೆ ತಿರುಗಿದವು. ಸರಕು ದಕ್ಷಿಣದಿಂದ ಆವಿದೋಣಿ ಮತ್ತು ರೈಲಿನಲ್ಲಿ ಬರತೊಡಗಿತು. 1870ರಲ್ಲಿ ಕಂಪನಿ ತನ್ನ ಸೀಮೆಯನ್ನೆಲ್ಲ 3 ಲಕ್ಷ ಪೌಂಡಿಗೆ ಕೆನಡಾಕ್ಕೆ ಒಪ್ಪಿಸಿತು. 1957ರಲ್ಲಿ ಕೋಠಿ ಮುಚ್ಚಿದಾಗ ಅಲ್ಲಿನ ಕ್ರೀ ಕುಟುಂಬಗಳು ಕಡಲನ್ನು ಬಿಟ್ಟು, ಒಳನಾಡಿನ ಯಾರ್ಕ್ ಲ್ಯಾಂಡಿಂಗ್‌ಗೆ ಹೋಗಬೇಕಾಯಿತು. ಕೊನೆಗೆ ಡಿಪಾರ್ಟ್‌ಮೆಂಟ್ ಸ್ಟೋರುಗಳಾಗಿ ಉಳಿದಿದ್ದ ಕಂಪನಿಯೂ 2025ರ ಜೂನ್ 1ರಂದು ಬಾಗಿಲು ಹಾಕಿತು. ಕೋಠಿ ಈಗ ಕೆನಡಾದ ರಾಷ್ಟ್ರೀಯ ಸ್ಮಾರಕ.

ಕೋಠಿಯ ದಿನಚರಿಗಳು ವಿನಿಪೆಗ್ ನಗರದ ಮ್ಯಾನಿಟೋಬಾ ಪತ್ರಾಗಾರದಲ್ಲಿ ಭದ್ರವಾಗಿವೆ, ಹಳೆಯವನ್ನು ಮನೆಯಲ್ಲೇ ಕೂತು ಅಂತರಜಾಲದಲ್ಲಿ ನೋಡಬಹುದು. ಆಸಕ್ತಿಯುಳ್ಳವರು 1715ರಿಂದ 1717ರವರೆಗಿನ ನೈಟ್‌ನ ಪುಟಗಳಿಂದ ಶುರುಮಾಡಿ.