ಈಸ್ಟರ್ ಹೂದಾನಿಗೆ ದವನ, ಸುಗಂಧರಾಜ

ಕ್ರಿಸ್‌ಮಸ್ ಬಂತೆಂದರೆ ಮನೆಯ ಸಿಂಗಾರಕ್ಕೆ ಏನೇನು ಬೇಕೆಂಬುದು ಕ್ರೈಸ್ತ ಕುಟುಂಬಗಳಿಗೆ ಬಾಯಿಪಾಠ: ಗೋದಲಿ, ನಕ್ಷತ್ರದ ಬುಟ್ಟಿ, ಮರ, ಮಿಣುಕು ದೀಪ. ಈಸ್ಟರ್‌ಗೆ ಅಂಥ ಸಿದ್ಧ ಸಾಮಗ್ರಿ ಇಲ್ಲ. ಬಣ್ಣದ ಮೊಟ್ಟೆ ಮಕ್ಕಳ ಪಾಲಿಗಾಯಿತು, ಮೇಣದ ಬತ್ತಿ ಪ್ರಾರ್ಥನೆಯ ಮೂಲೆಗಾಯಿತು. ಮಿಕ್ಕ ಮನೆಯನ್ನು ಹಬ್ಬದ ಮನೆಯಾಗಿಸುವುದು ಹೂವೇ. ಬೆಂಗಳೂರಿನ ಉಲ್ಲಾಳ ಉಪನಗರದಿಂದ ಕೆಂಗೇರಿವರೆಗೆ, ಜ್ಞಾನಭಾರತಿಯ ಆಸುಪಾಸಿನ ಬಡಾವಣೆಗಳಲ್ಲಿ ನೆಲೆಸಿರುವ ಕ್ರೈಸ್ತ ಕುಟುಂಬಗಳು ಈಸ್ಟರ್ ಹೂಜೋಡಣೆಗೆ ಮಾದರಿ ಹುಡುಕಿದರೆ ಪರದೆಯ ಮೇಲೆ ಮೊದಲು ಮೂಡುವುದು ಬಿಳಿ ಲಿಲ್ಲಿ. ತುತ್ತೂರಿಯಂಥ ದೊಡ್ಡ ದಳ, ನೀಳ ದಂಟು, ಬುಡಕ್ಕೆ ಬಣ್ಣದ ಹಾಳೆ. ಅದಿಲ್ಲದಿದ್ದರೆ ಹಬ್ಬದ ಸಿಂಗಾರ ಅರೆಬರೆ ಎಂಬ ಭಾವನೆಯೂ ಅದರ ಜೊತೆಗೇ ಬಂದಿದೆ. ಈ ಭಾವನೆಗೆ ಆಧಾರ ಕಡಿಮೆ. ಲಿಲ್ಲಿಗಿಂತ ನಮ್ಮ ಮಾರುಕಟ್ಟೆಯ ದವನ, ಸುಗಂಧರಾಜ, ಮಲ್ಲಿಗೆ, ಸೇವಂತಿಗೆಗಳೇ ಈಸ್ಟರ್‌ನ ಅರ್ಥಕ್ಕೂ ಬೆಂಗಳೂರಿನ ಬೇಸಿಗೆಗೂ ಹತ್ತಿರ ಎಂಬುದು ಈ ಲೇಖನದ ವಾದ.

ಮೊದಲು ಲಿಲ್ಲಿಯ ಜಾತಕ ನೋಡೋಣ. ‘ಈಸ್ಟರ್ ಲಿಲ್ಲಿ’ ಎಂದು ಹೆಸರಾದ ಲಿಲಿಯಮ್ ಲಾಂಗಿಫ್ಲೋರಮ್ ಜಪಾನಿನ ದಕ್ಷಿಣದ ರ್‍ಯುಕ್ಯು ದ್ವೀಪಗಳ ಹೂವು. ಅದು ಯುರೋಪನ್ನು ಮುಟ್ಟಿದ್ದು 19ನೇ ಶತಮಾನದಲ್ಲಿ. ಈಸ್ಟರ್‌ನೊಂದಿಗೆ ಗಂಟುಬಿದ್ದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಶುರುವಾಗಿ ಜಪಾನಿನಿಂದ ಗೆಡ್ಡೆ ಬರುವುದು ನಿಂತಾಗ, ಒರೆಗಾನ್ ಮತ್ತು ಕ್ಯಾಲಿಫೋರ್ನಿಯಾದ ಕರಾವಳಿಯ ರೈತರು ಅದರ ಬೇಸಾಯವನ್ನು ಕೈಗೆತ್ತಿಕೊಂಡರು. ತನ್ನ ಪಾಡಿಗೆ ಬಿಟ್ಟರೆ ಈ ಗಿಡ ಈಸ್ಟರ್ ಹೊತ್ತಿಗೆ ಅರಳುವುದೂ ಇಲ್ಲ. ಉತ್ತರದ ದೇಶಗಳಲ್ಲಿ ಅದರ ಸಹಜ ಕಾಲ ಜೂನ್, ಜುಲೈ. ಗೆಡ್ಡೆಗಳನ್ನು ಸುಮಾರು ಆರು ವಾರ ತಂಪಿನಲ್ಲಿಟ್ಟು, ಆಮೇಲೆ ಗಾಜಿನ ಮನೆಯಲ್ಲಿ ಬಿಸಿಯೇರಿಸಿ, ಹಬ್ಬದ ದಿನಾಂಕಕ್ಕೆ ಸರಿಯಾಗಿ ಅರಳುವಂತೆ ಬೆಳೆಗಾರರು ಒತ್ತಾಯಿಸುತ್ತಾರೆ. ಅದರ ಚೆಲುವಿನ ಬಗ್ಗೆ ತಕರಾರಿಲ್ಲ. ಆದರೆ ಎರಡು ಸಾವಿರ ವರ್ಷದ ಹಬ್ಬದಲ್ಲಿ ಅದರ ಪಾತ್ರ ಇತ್ತೀಚಿನದು, ಅದೂ ಬೇರೊಂದು ಖಂಡದ ಹವಾಮಾನ ಮತ್ತು ವ್ಯಾಪಾರ ಕೂಡಿ ಕಟ್ಟಿಕೊಟ್ಟದ್ದು ಎಂಬುದನ್ನು ಮರೆಯಬಾರದು.

ಹಾಗಾದರೆ ಈಸ್ಟರ್‌ಗೆ ತನ್ನದೇ ಆದ ಹೂವು ಯಾವುದು? ಶುಭಸಂದೇಶಗಳ ಪುನರುತ್ಥಾನದ ವೃತ್ತಾಂತದಲ್ಲಿ ಯಾವ ಹೂವಿನ ಹೆಸರೂ ಬರುವುದಿಲ್ಲ. ಅಲ್ಲಿರುವುದು ಒಂದು ತೋಟ, ಒಬ್ಬ ತೋಟಗಾರ ಮತ್ತು ಪರಿಮಳ. ಯೇಸುವನ್ನು ಶಿಲುಬೆಗೇರಿಸಿದ ಸ್ಥಳದಲ್ಲಿ ಒಂದು ತೋಟವಿತ್ತು, ಸಮಾಧಿ ಆ ತೋಟದೊಳಗೇ ಇತ್ತು ಎಂದು ಯೋಹಾನ ಬರೆಯುತ್ತಾನೆ. ದೇಹವನ್ನು ರಕ್ತಬೋಳ, ಅಗರುಗಳ ಜೊತೆ ನಾರುಮಡಿಯಲ್ಲಿ ಸುತ್ತಿದರೆನ್ನುತ್ತಾನೆ. ಭಾನುವಾರ ನಸುಕಿನಲ್ಲಿ ಹೆಂಗಸರು ಸಮಾಧಿಗೆ ಹೊರಟದ್ದು ಸುಗಂಧದ್ರವ್ಯ ಹಿಡಿದು ಎಂದು ಲೂಕ ಹೇಳುತ್ತಾನೆ. ಮಗ್ದಲದ ಮರಿಯಳು ಎದ್ದುಬಂದ ಯೇಸುವನ್ನು ಕಂಡು ಮೊದಲು ತೋಟದ ಮಾಲಿ ಎಂದೇ ತಿಳಿದಳು. ಈ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈಸ್ಟರ್ ಹೂಜೋಡಣೆಗೆ ಎರಡು ಗುಣ ಬೇಕೆಂದು ತೋರುತ್ತದೆ: ಅದು ಸುತ್ತಲಿನ ತೋಟದಿಂದ ಬಂದಂತಿರಬೇಕು, ಮತ್ತು ಕಣ್ಣಿಗಿಂತ ಮೊದಲು ಮೂಗಿಗೆ ತಾಕಬೇಕು. ಪರಿಮಳದ ಹೂವನ್ನೇ ಹೂವೆಂದು ಬಗೆಯುವ ನಾಡಿಗೆ ಈ ಎರಡನೇ ಗುಣವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಆಯಾ ಊರಿನ ಗಿಡಮರಗಳನ್ನು ಹಬ್ಬಕ್ಕೆ ಬರಮಾಡಿಕೊಳ್ಳುವುದು ಚರ್ಚಿನ ನಡವಳಿಕೆಗೆ ಹೊಸದೂ ಅಲ್ಲ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರವನ್ನೇ ನೋಡಿ. ಪೋಲೆಂಡಿನ ಚಳಿಯಲ್ಲಿ ಖರ್ಜೂರದ ಗರಿ ಸಿಗದು. ಅಲ್ಲಿ ವಿಲೋ ಕೊಂಬೆ ಹಿಡಿಯುತ್ತಾರೆ. ಇಟಲಿಯಲ್ಲಿ ಆಲಿವ್ ರೆಂಬೆ, ನಮ್ಮಲ್ಲಿ ತೆಂಗಿನ ಎಳೆಗರಿ. ಹಬ್ಬದ ಅರ್ಥ ಇದರಿಂದ ಎಲ್ಲೂ ಕುಂದಿಲ್ಲ. ಹೂವಿನ ವಿಷಯದಲ್ಲೂ ಕಥೋಲಿಕ ಚರ್ಚಿನ ನಿಯಮ ಹೂವಿನ ಜಾತಿಯನ್ನು ಗೊತ್ತುಮಾಡುವುದಿಲ್ಲ, ಕಾಲವನ್ನು ಗೊತ್ತುಮಾಡುತ್ತದೆ. ಪೂಜಾಗ್ರಂಥದ ನಿರ್ದೇಶನಗಳ ಪ್ರಕಾರ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬಲಿಪೀಠಕ್ಕೆ ಹೂವಿನ ಅಲಂಕಾರ ಸಲ್ಲದು. ನಾಲ್ಕನೇ ಭಾನುವಾರ ಮತ್ತು ದೊಡ್ಡ ಹಬ್ಬಗಳಿಗಷ್ಟೇ ವಿನಾಯಿತಿ. ಬೇರೆ ಕಾಲದಲ್ಲೂ ಹೂವು ಮಿತವಾಗಿರಬೇಕು, ಬಲಿಪೀಠದ ಮೇಲೆ ಹೇರದೆ ಅದರ ಸುತ್ತ ಜೋಡಿಸಬೇಕು. ಪವಿತ್ರ ಗುರುವಾರದ ಪೂಜೆಯ ನಂತರ ಪೀಠದ ವಸ್ತ್ರವನ್ನೂ ತೆಗೆದುಬಿಡುತ್ತಾರೆ. ಶುಭ ಶುಕ್ರವಾರ ಅದು ಬರಿದು. ಹೀಗೆ ವಾರಗಟ್ಟಲೆ ಬರಿದಾಗಿದ್ದ ಜಾಗಕ್ಕೆ ಶನಿವಾರ ರಾತ್ರಿಯ ಜಾಗರಣೆಯಲ್ಲಿ ಹೂವು ಮರಳುತ್ತದೆ. ಈಸ್ಟರ್ ಹೂವಿನ ಬಲವೆಲ್ಲ ಈ ಮರಳುವಿಕೆಯಲ್ಲಿದೆ. ಮನೆಯಲ್ಲೂ ಅದೇ ಕ್ರಮ ಪಾಲಿಸಿ, ತಪಸ್ಸುಕಾಲದುದ್ದಕ್ಕೂ ಹೂದಾನಿಯನ್ನು ಖಾಲಿ ಬಿಟ್ಟರೆ, ಶನಿವಾರ ಸಂಜೆ ಇಟ್ಟ ಒಂದು ಕಟ್ಟು ಸುಗಂಧರಾಜವೂ ಇಡೀ ಮನೆಯನ್ನು ಬದಲಿಸುತ್ತದೆ.

ಇನ್ನು ಋತುವಿನ ಮಾತು. ವಸಂತ ವಿಷುವದ ದಿನವೆಂದು ಚರ್ಚು ಎಣಿಸುವ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಹಲವು ವರ್ಷಗಳಲ್ಲಿ ಆ ಹುಣ್ಣಿಮೆ ನಮ್ಮ ಚೈತ್ರದ ಹುಣ್ಣಿಮೆಯೇ ಆಗಿರುತ್ತದೆ, ಅಂದರೆ ದವನದ ಹುಣ್ಣಿಮೆ. ಬೆಂಗಳೂರು ಕರಗ ನಡೆಯುವುದೂ ಅದೇ ರಾತ್ರಿ. 2022ರಲ್ಲಿ ಏಪ್ರಿಲ್ 16ರಂದು ಕರಗ, ಮರುದಿನವೇ ಈಸ್ಟರ್. 2023ರಲ್ಲಿ ಏಪ್ರಿಲ್ 6ಕ್ಕೆ ಕರಗ, 9ಕ್ಕೆ ಈಸ್ಟರ್. ಎರಡು ಪಂಚಾಂಗಗಳ ಲೆಕ್ಕ ಬೇರೆಯಾದ್ದರಿಂದ ಕೆಲವೊಮ್ಮೆ ಹಲವು ವಾರಗಳ ಅಂತರ ಬೀಳುವುದೂ ಉಂಟು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿದಿತ್ತು, ಕರಗ ಏಪ್ರಿಲ್ 23ಕ್ಕೆ ಬಂತು. ಆದರೂ ಒಟ್ಟಾರೆ ಕಾಲ ಒಂದೇ: ದವನ ಮಾರುಕಟ್ಟೆಗೆ ಬರುವ, ಮಲ್ಲಿಗೆ ಹೆಚ್ಚಾಗಿ ಅರಳುವ ಕಾಲ. ಕರಗವನ್ನು ಮಲ್ಲಿಗೆಯಲ್ಲಿ ಮುಚ್ಚಿ ಹೊರುವ ತಿಗಳ ಸಮುದಾಯ ಈ ನಗರದ ಹಳೆಯ ತೋಟಗಾರ ಸಮುದಾಯವೂ ಹೌದು. ತೋಟದ ಹಬ್ಬವೊಂದು ತೋಟಗಾರರ ಊರಿನಲ್ಲಿ, ಅವರ ಹೂವಿನ ಸುಗ್ಗಿಯಲ್ಲೇ ಬರುವಾಗ ಗಾಜಿನ ಮನೆಯ ಹೂವಿಗಾಗಿ ಹಂಬಲಿಸುವ ಅಗತ್ಯ ಕಾಣುವುದಿಲ್ಲ.

ಲಿಲ್ಲಿಯ ಬಿಳುಪು, ನೀಳತೆ, ಗಂಧ ಮೂರೂ ಬೇಕೆನ್ನುವವರಿಗೆ ಸುಗಂಧರಾಜದಲ್ಲಿ ಮೂರೂ ಇವೆ. ಇದರ ಮೂಲವೂ ದೂರದ ಮೆಕ್ಸಿಕೊ. ಆದರೆ ಶತಮಾನಗಳ ಒಡನಾಟದಲ್ಲಿ ಅದು ಇಲ್ಲಿನ ಹೊಲದ ಬೆಳೆಯಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಂಟಿದಳದ ಶೃಂಗಾರ್, ಪ್ರಜ್ವಲ್, ಜೋಡಿದಳದ ಸುವಾಸಿನಿ, ಅರೆಜೋಡಿದಳದ ವೈಭವ್ ಮುಂತಾದ ತಳಿಗಳನ್ನು ರೂಪಿಸಿದೆ. ಜೋಡಿದಳದ ದಂಟು ನೋಟಕ್ಕೆ ತುಂಬಿದಂತಿದ್ದರೂ ಪರಿಮಳದಲ್ಲಿ ಒಂಟಿದಳದ್ದೇ ಮೇಲುಗೈ. ಈಸ್ಟರ್‌ಗೆ ಅದನ್ನೇ ಆರಿಸುವುದು ಲೇಸು. ಕತ್ತಲಾದಂತೆ ಅದರ ಗಂಧ ಏರುವುದರಿಂದ ಜಾಗರಣೆಯ ರಾತ್ರಿಗೂ ಅದು ಹೊಂದುತ್ತದೆ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಸುಗಂಧರಾಜ, ಸೇವಂತಿಗೆ ಸಾವಿನ ಮನೆಯ ಹಾರದ ಹೂವುಗಳಲ್ಲವೆ, ಹಬ್ಬದ ಮೇಜಿಗೆ ಅವು ಹೇಗೆ ಒಪ್ಪುತ್ತವೆ? ಅದೇ ಹೂವುಗಳು ಮದುವೆಯ ಹಾರದಲ್ಲೂ ಇರುತ್ತವೆ ಎಂಬುದು ಸುಲಭದ ಉತ್ತರ. ಅದಕ್ಕಿಂತ ಗಟ್ಟಿಯಾದ ಉತ್ತರ ಹಬ್ಬದ ಒಳಗೇ ಇದೆ. ಈಸ್ಟರ್ ಎಂಬುದು ಬರಿದಾದ ಸಮಾಧಿಯ ಹಬ್ಬ. ಸಾವಿಗೆಂದು ಸಿದ್ಧಮಾಡಿ ತಂದ ಸುಗಂಧ ಬದುಕಿನ ಸುದ್ದಿಗೆ ಸಾಕ್ಷಿಯಾದ ದಿನ. ಶವಸಂಸ್ಕಾರದಲ್ಲೂ ಕಲ್ಯಾಣದಲ್ಲೂ ಬಳಕೆಯಾಗುವ ಹೂವಿಗಿಂತ ಆ ಸುದ್ದಿಯನ್ನು ಚೆನ್ನಾಗಿ ಹೇಳುವ ಹೂವು ಇರಲಾರದು.

ಹೂವು ಕೊಳ್ಳಲು ಉಲ್ಲಾಳದವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಈಗ ದೂರವಲ್ಲ. ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆಯ ನಂತರದ ನಿಲ್ದಾಣವೇ ಮಾರುಕಟ್ಟೆ. ಶನಿವಾರ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಸುಗಂಧರಾಜದ ದಂಟಿನಲ್ಲಿ ಕೆಳಗಿನ ಎರಡು ಮೂರು ಹೂವು ಬಿರಿದು ಉಳಿದವು ಮೊಗ್ಗಾಗಿರಬೇಕು. ಮನೆಗೆ ತಂದ ಕೂಡಲೇ ಬುಡವನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ದು, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತು, ಒಂದೆರಡು ಗಂಟೆ ನೆರಳಿನಲ್ಲಿ ಬಕೆಟ್ ತುಂಬ ನೀರಲ್ಲಿ ನಿಲ್ಲಿಸಬೇಕು. ಹೂದಾನಿಯ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ನಿಂಬೆಯ ರಸ ಬೆರೆಸಿದರೆ ಮೊಗ್ಗುಗಳು ಹೆಚ್ಚು ಅರಳುತ್ತವೆ. ಸಕ್ಕರೆಯಿಂದ ನೀರು ಬೇಗ ಕೆಡುವುದರಿಂದ ದಿನವೂ ಬದಲಿಸಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲಿನ ಗರಿಷ್ಠ ತಾಪ ಸರಾಸರಿ 34 ಡಿಗ್ರಿಯ ಆಸುಪಾಸು. 2016ರ ಏಪ್ರಿಲ್ 24ರಂದು 39.2 ಡಿಗ್ರಿಗೆ ಏರಿದ್ದೂ ಇದೆ. ಕಿಟಕಿಯ ಬಿಸಿಲು, ಫ್ಯಾನಿನ ನೇರ ಗಾಳಿ ಎರಡೂ ಹೂವಿಗೆ ಶತ್ರು. ಮಾಗುತ್ತಿರುವ ಮಾವು, ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲೂ ಹೂದಾನಿ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಜೋಡಿಸುವ ವಿಧಾನದಲ್ಲೂ ನಮ್ಮ ಪದಾರ್ಥಗಳಿಗೆ ಜಾಗವಿದೆ. ಅಂಗಡಿಯ ಹೂಗುಚ್ಛಗಳ ಬುಡದಲ್ಲಿರುವ ಹಸಿರು ಸ್ಪಂಜು 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಫೋಮ್. ಅದು ಮಣ್ಣಿನಲ್ಲಿ ಕರಗದು, ಪುಡಿಯಾಗಿ ನೀರು ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಅದರ ಬದಲು ಗೇಣುದ್ದದ ಬಾಳೆದಿಂಡನ್ನು ತಟ್ಟೆಯಲ್ಲಿಟ್ಟು, ಕಡ್ಡಿಯಿಂದ ತೂತು ಮಾಡಿ ಹೂವಿನ ದಂಟು ಸಿಕ್ಕಿಸಬಹುದು. ತೇವ ಹಿಡಿದಿಡುವುದು ಅದರ ಗುಣ. ಹಬ್ಬ ಮುಗಿದ ಮೇಲೆ ಗೊಬ್ಬರವಾಗುತ್ತದೆ. ಸೊನೆಯಿಂದ ಕಲೆಯಾಗದಂತೆ ಮೇಜಿನ ಬಟ್ಟೆಯನ್ನು ಮಾತ್ರ ಕಾಯಬೇಕು. ಎತ್ತರದ ಜೋಡಣೆಗೆ ಹಿತ್ತಾಳೆಯ ಚೊಂಬು ಸಾಕು. ಏಳು ಅಥವಾ ಒಂಬತ್ತು ಸುಗಂಧರಾಜದ ದಂಟುಗಳನ್ನು ಬೇರೆ ಬೇರೆ ಉದ್ದಕ್ಕೆ ಕೊಯ್ದು, ಅತಿ ಎತ್ತರದ್ದು ಚೊಂಬಿನ ಒಂದೂವರೆ ಪಟ್ಟು ಇರುವಂತೆ ನಿಲ್ಲಿಸಿ, ಕೊರಳಿನ ಸುತ್ತ ಹಳದಿ ಸೇವಂತಿಗೆ, ಅದರ ನಡುವೆ ದವನ, ಮರುಗ ತುಂಬಿದರೆ ಈಸ್ಟರ್ ಕಾಲದ ಬಣ್ಣಗಳಾದ ಬಿಳಿ, ಹೊನ್ನು ಎರಡೂ ಕೂಡಿಬರುತ್ತವೆ. ಊಟದ ಮೇಜಿಗೆ ಉರುಳಿಯಲ್ಲಿ ನೀರು ತುಂಬಿ ಮಲ್ಲಿಗೆ, ಸಂಪಿಗೆ ತೇಲಿಬಿಡಬಹುದು. ಕಣಗಿಲೆ ವಿಷದ ಗಿಡ, ಊಟದ ಬಳಿ ಅದು ಬೇಡ. ಬೆಕ್ಕು ಸಾಕಿದ ಮನೆಗೆ ಲಿಲ್ಲಿಯೇ ಅಪಾಯ. ಅದರ ಎಲೆ, ಪರಾಗ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತವೆ.

ಹೂವನ್ನು ದಾರದಲ್ಲಿ ಕಟ್ಟಿ ಮುಡಿಯುವ, ಏರಿಸುವ ನಾಡಿಗೆ ಹೂದಾನಿಯ ಜೋಡಣೆಯೇ ಪರಕೀಯವಲ್ಲವೆ ಎಂದು ಕೇಳುವವರೂ ಇದ್ದಾರೆ. ಬೆಂಗಳೂರಿನ ಮಟ್ಟಿಗೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. 1912ರಲ್ಲಿ ಉದ್ಯಾನತಜ್ಞ ಜಿ.ಎಚ್. ಕ್ರುಂಬಿಗಲ್ ಮುಂದಾಳತ್ವದಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘವು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳ ಜೊತೆಗೆ ನಡೆಸುತ್ತ ಬಂದ ಸ್ಪರ್ಧೆಗಳಲ್ಲಿ ಜಪಾನಿನ ಇಕೆಬಾನ, ಡಚ್ ಜೋಡಣೆಯ ಪಕ್ಕದಲ್ಲೇ ಭಾರತೀಯ ಶೈಲಿಯ ‘ಪುಷ್ಪ ಭಾರತಿ’ಯೂ ಒಂದು ವಿಭಾಗ. ನಗರದ ಗೃಹಿಣಿಯರೂ ವಿದ್ಯಾರ್ಥಿಗಳೂ ಈ ಕಲೆಯನ್ನು ಅಲ್ಲಿ ಕಂಡಿದ್ದಾರೆ, ಕಲಿತಿದ್ದಾರೆ. ಕಟ್ಟಿದ ಮಾಲೆಗೂ ಈಸ್ಟರ್ ಮೇಜಿನಲ್ಲಿ ಎಡೆಯಿದೆ: ಶಿಲುಬೆಗೆ ಒಂದು ಮೊಳ ಮಲ್ಲಿಗೆ, ಮೇಣದ ಬತ್ತಿಯ ಬುಡಕ್ಕೆ ದವನದ ಸುತ್ತು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಎರಡು ದಿನದಲ್ಲಿ ಬಾಡುವ ಹೂವಿಗೆ ಹಣ ಸುರಿಯುವ ಬದಲು ಅದನ್ನು ಬಡವರಿಗೆ ಕೊಡಬಾರದೇ? ಕೊಡಬೇಕು, ತಪಸ್ಸುಕಾಲದ ದಾನಕ್ಕೆ ಅದೇ ಗುರಿ. ಆದರೆ ಊರಿನ ಹೂವಿಗೆ ಕೊಟ್ಟ ಹಣವೂ ನಮ್ಮ ಜಿಲ್ಲೆಗಳ ಸಣ್ಣ ಹಿಡುವಳಿಯ ಬೆಳೆಗಾರರಿಗೆ, ಹೂ ಕಟ್ಟಿ ಮಾರುವ ಹೆಂಗಸರಿಗೆ ತಲುಪುತ್ತದೆ. ವಿದೇಶದಿಂದ ತರಿಸಿದ ಗೆಡ್ಡೆ, ಶೀತಲ ಗೃಹ, ಪ್ಲಾಸ್ಟಿಕ್ ಹೊದಿಕೆಗಳ ವೆಚ್ಚವನ್ನು ಹೊತ್ತ ಲಿಲ್ಲಿಯ ಬಗ್ಗೆ ಅಷ್ಟೇ ನಿಶ್ಚಯವಾಗಿ ಹಾಗೆ ಹೇಳಲಾಗದು. ಮಿತವಾಗಿರಲಿ ಎಂಬ ಚರ್ಚಿನ ನಿಯಮವೂ ಇಲ್ಲಿ ನೆರವಿಗೆ ಬರುತ್ತದೆ. ಒಂದು ಚೊಂಬು, ಒಂದು ಉರುಳಿ, ಒಂದು ಮೊಳ ಮಲ್ಲಿಗೆ ಸಾಕು. ಉಳಿದ ಹಣ ದಾನದ ಪೆಟ್ಟಿಗೆಗೆ ಹೋಗಲಿ. ಮುಂದಿನ ಈಸ್ಟರ್‌ಗೆ ಹೂವಿನ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ದವನದ ಹೆಸರು ಬರೆಯಿರಿ. ಮಕ್ಕಳನ್ನು ಮಾರುಕಟ್ಟೆಗೆ ಕರೆದೊಯ್ದು ಹೂವಿನ ಹೆಸರು ಹೇಳಿಕೊಡಿ, ದಂಟು ಕೊಯ್ಯಲು ಅವರನ್ನೂ ಕೂರಿಸಿಕೊಳ್ಳಿ, ಹಬ್ಬದ ಸಂಜೆ ಒಂದು ಗುಚ್ಛವನ್ನು ಪಕ್ಕದ ಮನೆಗೂ ಕೊಟ್ಟುಬನ್ನಿ.